ಕಂಪನಿಯೊಳಗಿನ ತಿದ್ದುಪಡಿಯನ್ನು ಅಪ್‌ಸ್ಟ್ರೀಮ್‌ಗೆ ಸೇರಿಸುವ ಬಗೆ

ಓಪನ್ ಸೋರ್ಸ್ ಕೋಡ್ ತಂದು ತಮಗೆ ಬೇಕಾದಂತೆ ತಿದ್ದಿಕೊಂಡವರಿಗೆ ತೊಂದರೆ ಶುರುವಾಗುವುದು ಮುಂದಿನ ಆವೃತ್ತಿ ಬಂದಾಗ. ಲಿನಕ್ಸ್ ಕರ್ನಲ್‌ಗೆ 9–10 ವಾರಕ್ಕೊಂದು ಹೊಸ ಆವೃತ್ತಿ ಬರುತ್ತದೆ. ಸ್ವಂತ ಪ್ಯಾಚ್‌ಗಳನ್ನು (ತಿದ್ದುಪಡಿಗಳನ್ನು) ಪ್ರತಿ ಸಲವೂ ಅದರ ಮೇಲೆ ಕೂರಿಸಿ, ಕಾನ್‌ಫ್ಲಿಕ್ಟ್ (ಎರಡು ಕಡೆಯ ಬದಲಾವಣೆಗಳ ಘರ್ಷಣೆ) ಬಿಡಿಸಿ, ಮತ್ತೆ ಟೆಸ್ಟ್ ಮಾಡಬೇಕು. ಪ್ಯಾಚ್ ಅಪ್‌ಸ್ಟ್ರೀಮ್‌ಗೆ, ಅಂದರೆ ಆ ಕೋಡ್‌ನ ಮೂಲ ಪ್ರಾಜೆಕ್ಟ್‌ಗೆ, ಸೇರಿದರೆ ಈ ದುಡಿಮೆ ತಪ್ಪುತ್ತದೆ.

ಮೊದಲು, ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ‘ಗಿಟ್ ಚೆರ್ರಿ’ ಕಮಾಂಡ್ ಓಡಿಸಿ. ಅಪ್‌ಸ್ಟ್ರೀಮ್‌ನಲ್ಲಿ ಇಲ್ಲದ ಕಮಿಟ್‌ಗಳ (ಗಿಟ್‌ನಲ್ಲಿ ದಾಖಲಾದ ಬದಲಾವಣೆಗಳ) ಮುಂದೆ ಪ್ಲಸ್, ಅದೇ ರೂಪದಲ್ಲಿ ಆಗಲೇ ಇರುವವುಗಳ ಮುಂದೆ ಮೈನಸ್ ಕಾಣುತ್ತದೆ. ಪ್ಲಸ್ ಇರುವವುಗಳಲ್ಲಿ ಬಗ್ ಫಿಕ್ಸ್‌ಗಳನ್ನು ಮೊದಲು ಕಳಿಸಿ, ಎಲ್ಲರಿಗೂ ಉಪಯೋಗವಾಗುವ ಫೀಚರ್‌ಗಳನ್ನು ಆಮೇಲೆ. ನಿಮಗೊಬ್ಬರಿಗೇ ಬೇಕಾದದ್ದು ನಿಮ್ಮಲ್ಲೇ ಇರಲಿ.

ಕೋಡ್ ಹೊರಗೆ ಕೊಡಲು ಕಂಪನಿಯ ಅನುಮತಿ ಪಡೆಯುವ ಕೆಲಸವನ್ನು ಈಗಲೇ ಶುರುಮಾಡಿ, ಕೋಡ್‌ಗಿಂತ ಅದಕ್ಕೇ ಹೆಚ್ಚು ದಿನ ಹಿಡಿಯುವುದುಂಟು. ಕರ್ನಲ್‌ಗೆ ಪ್ರತಿ ಕಮಿಟ್‌ನಲ್ಲೂ ‘ಸೈನ್ಡ್-ಆಫ್-ಬೈ’ ಸಾಲು ಬೇಕು. ಈ ಕೋಡ್ ಕೊಡುವ ಹಕ್ಕು ನನಗಿದೆ ಎಂದು ಬರೆದವರು ಕೊಡುವ ಮಾತು ಅದು. ಕೆಲವು ಪ್ರಾಜೆಕ್ಟ್‌ಗಳು ಕಂಪನಿಯ ಸಹಿ ಇರುವ ಒಪ್ಪಂದವನ್ನೇ ಕೇಳುತ್ತವೆ.

ನಿಜವಾದ ಶ್ರಮ ಇರುವುದು ಪ್ಯಾಚನ್ನು ಚಿಕ್ಕ ಕಮಿಟ್‌ಗಳಾಗಿ ಬಿಡಿಸುವುದರಲ್ಲಿ. ನೀವು ಬಳಸುವ ಹಳೆಯ ಆವೃತ್ತಿಯ ಮೇಲಲ್ಲ, ಅಪ್‌ಸ್ಟ್ರೀಮ್‌ನ ಇವತ್ತಿನ ಡೆವಲಪ್‌ಮೆಂಟ್ ಬ್ರಾಂಚ್ ಮೇಲೆ ರೀಬೇಸ್ ಮಾಡಿ, ಅಂದರೆ ನಿಮ್ಮ ಕಮಿಟ್‌ಗಳನ್ನು ಅದರ ಮೇಲೆ ಕೂರಿಸಿ. ಒಂದು ಕಮಿಟ್‌ನಲ್ಲಿ ಒಂದೇ ಬದಲಾವಣೆ ಇರಲಿ. ಪ್ರತಿ ಕಮಿಟ್ ತನ್ನಷ್ಟಕ್ಕೇ ಬಿಲ್ಡ್ ಆಗಬೇಕು, ಇಲ್ಲದಿದ್ದರೆ ಮುಂದೆ ಬಗ್ ಹುಡುಕುವವರ ‘ಗಿಟ್ ಬೈಸೆಕ್ಟ್’ (ಬಗ್ ತಂದ ಕಮಿಟನ್ನು ಪತ್ತೆಹಚ್ಚುವ ಕಮಾಂಡ್) ನಡುವೆಯೇ ಮುಗ್ಗರಿಸುತ್ತದೆ. ಒಳಗಿನ ಟಿಕೆಟ್ ಸಂಖ್ಯೆ, ಸರ್ವರ್ ಹೆಸರು, ಗ್ರಾಹಕರ ಹೆಸರುಗಳನ್ನು ಕಾಮೆಂಟ್‌ನಿಂದಲೂ ಕಮಿಟ್ ಮೆಸೇಜ್‌ನಿಂದಲೂ ತೆಗೆಯಿರಿ. ಮೆಸೇಜ್‌ನಲ್ಲಿ ಏನು ಕೆಡುತ್ತಿತ್ತು, ಅದನ್ನು ಕಾಣುವುದು ಹೇಗೆ, ಈ ದಾರಿಯನ್ನೇ ಏಕೆ ಹಿಡಿದಿರಿ ಎಂದು ಬರೆಯಿರಿ. ‘ಗ್ರಾಹಕರು ಕೇಳಿದ್ದರು’ ಎಂಬುದು ಮೇಂಟೇನರ್‌ಗೆ ಕಾರಣವಾಗುವುದಿಲ್ಲ. ಆ ಕೋಡನ್ನು ವರ್ಷಗಟ್ಟಲೆ ಸಾಕುವವರು ಅವರು.

ಕರ್ನಲ್ ಪ್ಯಾಚ್ ಹೋಗುವುದು ಇಮೇಲ್‌ನಲ್ಲಿ. ಕೋಡ್ ಬರೆದ ಶೈಲಿಯನ್ನು ಪರೀಕ್ಷಿಸುವ ‘ಚೆಕ್‌ಪ್ಯಾಚ್’ ಓಡಿಸಿ, ಯಾರಿಗೆ ಕಳಿಸಬೇಕೆಂದು ‘ಗೆಟ್ ಮೇಂಟೇನರ್’ ಸ್ಕ್ರಿಪ್ಟ್‌ನಿಂದ ತಿಳಿದು, ‘ಗಿಟ್ ಸೆಂಡ್-ಇಮೇಲ್’ ಬಳಸಿ. ಕಂಪನಿಯ ಮೇಲ್ ಸರ್ವರ್ ಟ್ಯಾಬ್‌ಗಳನ್ನು ಸ್ಪೇಸ್ ಮಾಡಿದರೆ ಪ್ಯಾಚ್ ಅನ್ವಯವಾಗದು. ಕೊನೆಗೆ ‘ಇದು ಗೋಪ್ಯ’ ಎಂಬ ಸಾಲು ಅಂಟಿಸಿದರೆ ಯಾರೂ ತೆಗೆದುಕೊಳ್ಳುವುದಿಲ್ಲ. ಮೊದಲು ನಿಮಗೇ ಕಳಿಸಿಕೊಂಡು ‘ಗಿಟ್ ಎಎಮ್’ನಿಂದ ಹಚ್ಚಿ ನೋಡಿ.

ರಿವ್ಯೂನಲ್ಲಿ ಬಂದ ಪ್ರತಿ ಪ್ರಶ್ನೆಗೂ ಉತ್ತರಿಸಿ. ಎರಡನೇ ಆವೃತ್ತಿಗೆ ‘ವಿ2’ ಎಂದು ಗುರುತು ಹಾಕಿ, ಏನು ಬದಲಾಯಿತೆಂದು ತಿಳಿಸಿ. ಮೊದಲ ಸಲ ಕಳಿಸಿದ ಮೇಲೆ ಡೆವಲಪರ್‌ಗೆ ಬೇರೆ ಕೆಲಸ ವಹಿಸಿದರೆ ಪ್ಯಾಚ್ ಅಲ್ಲೇ ಉಳಿಯುತ್ತದೆ. ಇದಕ್ಕಾಗಿಯೇ ಅವರ ಸಮಯ ತೆಗೆದಿಡಿ.

ಒಪ್ಪಿಗೆಯಾದ ರೂಪದಲ್ಲಿ ಫಂಕ್ಷನ್ ಹೆಸರೂ ಬದಲಾಗಿರಬಹುದು. ಆದ್ದರಿಂದ ನಿಮ್ಮ ಹಳೆಯ ಪ್ಯಾಚನ್ನು ಕಿತ್ತು, ಅಪ್‌ಸ್ಟ್ರೀಮ್‌ನ ಕಮಿಟನ್ನೇ ‘ಚೆರ್ರಿ-ಪಿಕ್’ ಮಾಡಿ ಒಳಗೆ ತಂದುಕೊಳ್ಳಿ.