ಹಬ್ಬದ ತಿನಿಸಿನಿಂದ ಮನೆಯ ನಾಯಿಯನ್ನು ಕಾಯುವುದು ಹೇಗೆ?

ನಾಗರ ಪಂಚಮಿ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಉಂಡಿಯ ಡಬ್ಬಿಗಳು ತುಂಬುತ್ತವೆ. ಅಲ್ಲಿಂದ ದೀಪಾವಳಿಯವರೆಗೆ ತಿಂಡಿ-ತಿನಿಸಿಗೆ ಬಿಡುವಿಲ್ಲ. ಚಾಕೊಲೇಟ್ ನಾಯಿಗೆ ವಿಷವೆಂಬುದು ಈಗ ಸಾಕುವವರಲ್ಲಿ ಬಹಳಷ್ಟು ಮಂದಿಗೆ ತಿಳಿದಿದೆ. ಆದರೆ ನಮ್ಮ ಹಬ್ಬದಡುಗೆಯಲ್ಲಿ ಅದಕ್ಕಿಂತ ಹೆಚ್ಚಾಗಿ ಬಳಕೆಯಾಗುವ ಒಣದ್ರಾಕ್ಷಿಯ ಬಗ್ಗೆ ಅಂಥ ಎಚ್ಚರ ಕಾಣುವುದಿಲ್ಲ.

ಆದ್ದರಿಂದ ಉಂಡಿ ಕಟ್ಟುವಾಗಲೇ ಕಾಳಜಿ ಆರಂಭವಾಗಬೇಕು. ರವೆ ಉಂಡಿಯ ನೆತ್ತಿಗೆ ಒತ್ತಿದ ದ್ರಾಕ್ಷಿ, ಉಂಡಿ ಆರಿದಂತೆ ಸಡಿಲಗೊಂಡು ಉದುರುತ್ತದೆ. ತುಪ್ಪದಲ್ಲಿ ಹುರಿದಿಟ್ಟದ್ದರ ವಾಸನೆಯಂತೂ ನಾಯಿಯನ್ನು ಅಡುಗೆಮನೆಗೇ ಕರೆತರುತ್ತದೆ. ಹಸಿಯಾಗಲಿ ಒಣಗಿದ್ದಾಗಲಿ, ದ್ರಾಕ್ಷಿಯು ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು ಪಶುವೈದ್ಯರು ಬಲವಾಗಿ ಶಂಕಿಸುತ್ತಾರೆ. ಒಂದು ನಾಯಿ ಹಿಡಿಯಷ್ಟು ತಿಂದು ಪಾರಾದರೆ ಇನ್ನೊಂದು ಕೆಲವೇ ಕಾಳುಗಳಿಂದ ಹಾಸಿಗೆ ಹಿಡಿಯಬಹುದಾದ್ದರಿಂದ, ಇಷ್ಟು ಕೊಟ್ಟರೆ ನಡೆದೀತು ಎಂಬ ಲೆಕ್ಕ ಇಲ್ಲಿ ಸಲ್ಲದು. ದ್ರಾಕ್ಷಿ ಬಿಟ್ಟು ಗೋಡಂಬಿ ಮಾತ್ರ ಹಾಕಿದರೆ ಉಂಡಿಯ ರುಚಿಗೇನೂ ಕೊರತೆಯಾಗದು.

ಮುಂದಿನದು ಕಟ್ಟಿನ ಸಾರು. ಹೋಳಿಗೆ ಮಾಡಿದ ದಿನ ಉಳಿದ ಸಾರನ್ನು ಅನ್ನಕ್ಕೆ ಕಲಸಿ ನಾಯಿಗೆ ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ಅದರಲ್ಲಿರುವ ಹುಣಸೆಹಣ್ಣಿನಲ್ಲಿಯೂ ಟಾರ್ಟಾರಿಕ್ ಆಮ್ಲ ಹೇರಳವಾಗಿದೆ. ಉಳ್ಳಾಗಡ್ಡಿ, ಬಳ್ಳೊಳ್ಳಿಗಳಂತೂ, ಹುರಿದರೂ ಕುದಿಸಿದರೂ, ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುವ ಗುಣವನ್ನು ಕಳೆದುಕೊಳ್ಳುವುದಿಲ್ಲ. ವಸಡು ಬಿಳಿಚಿಕೊಳ್ಳುವುದು, ಮೂತ್ರ ಕಂದುಬಣ್ಣಕ್ಕೆ ತಿರುಗುವುದು ಮುಂತಾದ ಲಕ್ಷಣಗಳು ಕೆಲವು ದಿನ ಕಳೆದು ಕಾಣಿಸುವುದರಿಂದ ಹಬ್ಬದೂಟವೇ ಕಾರಣವೆಂದು ಯಾರಿಗೂ ಹೊಳೆಯುವುದಿಲ್ಲ. ಬೇಳೆ ಬಸಿದೊಡನೆ, ಉಪ್ಪು-ಖಾರ-ಒಗ್ಗರಣೆ ಬೀಳುವ ಮೊದಲೇ, ಸ್ವಲ್ಪ ಕಟ್ಟನ್ನು ಬೇರೆ ತೆಗೆದಿಟ್ಟು ಅನ್ನಕ್ಕೆ ಕಲಸಿ ಕೊಡಬಹುದು.

ಪೇಡೆಯ ಒಂದು ಚೂರಿನಿಂದ ಪ್ರಾಣಾಪಾಯವಿಲ್ಲ. ಆದರೆ ತುಪ್ಪ ಮತ್ತು ಕರಿದ ಪದಾರ್ಥಗಳು ಹೊಟ್ಟೆ ತುಂಬ ಸೇರಿದರೆ ಮೇದೋಜೀರಕ ಗ್ರಂಥಿ ಊದಿಕೊಂಡು ನಾಯಿ ಬೆನ್ನು ಬಾಗಿಸಿ ನರಳುತ್ತದೆ. ಸಕ್ಕರೆರಹಿತ ಮಿಠಾಯಿ ಮತ್ತು ಚ್ಯೂಯಿಂಗ್ ಗಮ್‌ಗಳ ಪೊಟ್ಟಣದ ಮೇಲೆ ಸಕ್ಕರೆಯ ಬದಲಿಗೆ ಬಳಸುವ ಕ್ಸೈಲಿಟಾಲ್ ಎಂಬ ಸಿಹಿಕಾರಕದ ಹೆಸರು ಅಥವಾ ಅದನ್ನು ಸೂಚಿಸುವ 967 ಎಂಬ ಸಂಖ್ಯೆ ಇದೆಯೇ ನೋಡಿ. ಅದು ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆಯನ್ನು ಅಪಾಯಕರ ಮಟ್ಟಕ್ಕೆ ಇಳಿಸಬಲ್ಲದು.

ಇಷ್ಟೆಲ್ಲ ಮಾಡಿದರೂ ಬಂದವರು ಪ್ರೀತಿಯಿಂದ ಕೊಡುವುದನ್ನು ತಡೆಯುವುದು ಕಷ್ಟ. ಲಕ್ಷ್ಮೀಪೂಜೆಯ ಸಂಜೆ ತಟ್ಟೆಗಳನ್ನು ಟೀಪಾಯಿಯ ಮೇಲೆ ಬಿಡದೆ ನಾಯಿಯನ್ನು ಒಳಕೋಣೆಯಲ್ಲಿ ಇರಿಸುವುದು ಲೇಸು. ಪಟಾಕಿಯ ಸದ್ದಿನಿಂದಲೂ ಅದಕ್ಕೆ ಅಷ್ಟು ಮರೆ ಸಿಗುತ್ತದೆ.

ತಿಂದೇಬಿಟ್ಟರೆ ವಾಂತಿಗಾಗಿ ಕಾಯಬೇಡಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಹೋಗಬೇಡಿ. ಆ ಉಪ್ಪೇ ನಾಯಿಗೆ ವಿಷವಾಗಬಲ್ಲದು. ಏನನ್ನು, ಎಷ್ಟು, ಯಾವಾಗ ತಿಂದಿತು ಮತ್ತು ನಾಯಿಯ ತೂಕವೆಷ್ಟು ಎಂಬುದನ್ನು ಬರೆದುಕೊಂಡು, ಪೊಟ್ಟಣವಿದ್ದರೆ ಅದನ್ನೂ ಹಿಡಿದು ವೈದ್ಯರಲ್ಲಿಗೆ ಹೊರಡಿ. ತಿಂದು ಸುಮಾರು ಎರಡು ತಾಸಿನೊಳಗೆ ತಲುಪಿದರೆ ಔಷಧಿ ಕೊಟ್ಟು ವಾಂತಿ ಮಾಡಿಸುವುದು ಹೆಚ್ಚು ಫಲ ಕೊಡುತ್ತದೆ. ಹಬ್ಬದ ರಾತ್ರಿ ಯಾವ ಚಿಕಿತ್ಸಾಲಯ ತೆರೆದಿರುತ್ತದೆಂದು ಹಿಂದಿನ ವಾರವೇ ವಿಚಾರಿಸಿ, ಆ ಸಂಖ್ಯೆಯನ್ನೂ ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಅನ್ನೂ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.