ಆಟದ ರಾತ್ರಿಗೆ ಹಳೇ ಲೆನ್ಸು: ನನ್ನ ಅನುಭವ

“ಆಟೋಫೋಕಸ್ ಇಲ್ಲದ ಲೆನ್ಸ್ ಹಿಡ್ಕೊಂಡು ಯಕ್ಷಗಾನ ತೆಗೀತೀಯಾ? ಹುಚ್ಚು ಹಿಡಿದಿದ್ಯಾ ಮಾರಾಯ?” ನಾಲ್ಕು ವರ್ಷದ ಹಿಂದೆ ಸಾಗರದ ಒಬ್ಬ ಸ್ಟುಡಿಯೋ ಗೆಳೆಯ ಹೀಗೆ ನಕ್ಕಿದ್ದ. ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಮೊದಲ ಸೀಸನ್‌ನಲ್ಲಿ ಒಂದು ರಾತ್ರಿಗೆ ಸುಮಾರು 600 ಫ್ರೇಮ್ ಹೊಡೆದರೆ, ಶಾರ್ಪ್ ಅನ್ನಬಹುದಾದದ್ದು 20 ಸಿಕ್ಕಿದರೆ ಹೆಚ್ಚು. ಕಳೆದ ಸೀಸನ್‌ನಲ್ಲಿ 200 ತೆಗೆದು 70-80 ಉಳಿಸಿಕೊಂಡೆ. ಅದರಲ್ಲಿ ಎರಡನ್ನು ಮೇಳದವರೇ ಕೇಳಿ ತಗೊಂಡು ಫ್ಲೆಕ್ಸ್ ಮಾಡಿಸಿದರು. ಗೆಳೆಯ ಆ ಫ್ಲೆಕ್ಸ್ ಕೆಳಗೇ ಬೈಕ್ ನಿಲ್ಲಿಸಿ ಚಹಾ ಕುಡಿಯುತ್ತಾನೆ. ಬರೆಯೋ ಧೈರ್ಯ ಬಂದಿದ್ದು ಅದರಿಂದ.

ಶುರುವಾಗಿದ್ದು ಚಿಕ್ಕಪ್ಪನ ಬೀರುವಿನಿಂದ. ಅವರದ್ದೊಂದು ಯಾಶಿಕಾ ಎಫ್‌ಎಕ್ಸ್-3 ಸೂಪರ್ 2000 ಫಿಲ್ಮ್ ಕ್ಯಾಮೆರಾ ಇತ್ತು, ಜೊತೆಗೆ 50 ಎಂಎಂ ಎಫ್ 1.9 ಲೆನ್ಸು (ಎಫ್ ಅಂಕಿ ಸಣ್ಣದಾದಷ್ಟೂ ಒಳಗೆ ಬೆಳಕು ಜಾಸ್ತಿ). ಮಳೆಗಾಲ ಪೂರ್ತಿ ಬೀರುವಿನೊಳಗೆ ಝೀರೋ ಬಲ್ಬ್ ಉರಿಸಿಡುತ್ತಿದ್ದರು. ಚಿಕ್ಕಮ್ಮ ಕರೆಂಟ್ ಬಿಲ್ ನೋಡಿ ಬೈಯುತ್ತಿದ್ದರು. ಆದರೆ ಮಲೆನಾಡಿನ ಆ ಥಂಡಿಯಲ್ಲಿ ಮೂವತ್ತು ವರ್ಷ ಒಂದು ಎಳೆ ಫಂಗಸ್ ಇಲ್ಲದೆ ಲೆನ್ಸ್ ಉಳಿದಿದ್ದು ಆ ಬಲ್ಬಿನಿಂದಲೇ.

ಆಗ ನನ್ನ ಕೈಯಲ್ಲಿದ್ದದ್ದು ನಿಕಾನ್ ಡಿಎಸ್‌ಎಲ್‌ಆರ್. ಯಾಶಿಕಾ ಲೆನ್ಸು ಅದಕ್ಕೆ ಕೂರೋದಿಲ್ಲ ಅಂತ ಗೊತ್ತಾದ ಮೇಲೆ ಹಠಕ್ಕೆ ಬಿದ್ದು ಒಂದು ಹೆಲಿಯೋಸ್ 44-2 ಅನ್ನೋ ಹಳೇ ಲೆನ್ಸ್ ತಂದೆ. ಎಂ42 ಸ್ಕ್ರೂ, ಅಂದರೆ ತಿರುಗಿಸಿ ಕೂರಿಸೋ ಮೌಂಟು, 58 ಎಂಎಂ ಎಫ್ 2. ಸುಮಾರು 3,500 ರೂಪಾಯಿ. ಬೇರೆ ಮೌಂಟಿನ ಲೆನ್ಸನ್ನು ಬಾಡಿಗೆ ಜೋಡಿಸೋ ಬರೀ ರಿಂಗ್ ಅಡಾಪ್ಟರ್ ಹಾಕಿದರೆ ಎರಡು ಮೂರು ಮೀಟರ್ ಆಚೆಗೆ ಎಲ್ಲಾ ಮಬ್ಬು. ಆಗಬೇಕಾದ್ದೇ ಬಿಡಿ. ನಿಕಾನ್ ಮೌಂಟಿನಿಂದ ಸೆನ್ಸರ್‌ಗೆ 46.5 ಮಿ.ಮೀ., ಎಂ42 ಕೇಳೋದು 45.46. ಲೆನ್ಸು ಬೇಕಾದ್ದಕ್ಕಿಂತ ದೂರ ಕೂತುಬಿಡುತ್ತದೆ. ಒಳಗೆ ಗಾಜಿರುವ ಅಡಾಪ್ಟರ್ ತಂದರೆ ದೂರದ್ದು ಸಿಕ್ಕಿತು, ಆದರೆ ಚಿತ್ರ ಎಣ್ಣೆ ಸವರಿದ ಹಾಗೆ. 1,200 ರೂಪಾಯಿ ನೀರಿಗೆ. ಸೆನ್ಸರ್ ಮೌಂಟಿಗೆ ಹತ್ತಿರ ಇರೋ, ಕನ್ನಡಿ ಇಲ್ಲದ (ಮಿರರ್‌ಲೆಸ್) ಬಾಡಿಯೇ ಬೇಕು ಅಂತ ಒಪ್ಪಿಕೊಂಡು ಡಿಎಸ್‌ಎಲ್‌ಆರ್ ಮಾರಿದೆ, ಸಾಲ ಸೇರಿಸಿ ಸೆಕೆಂಡ್ ಹ್ಯಾಂಡ್ ಸೋನಿ ಎ7 II ತಗೊಂಡೆ. 55 ಸಾವಿರದ ಹತ್ತಿರ ಆಯಿತು. ಬಾಡಿಯೊಳಗೇ ಕೈನಡುಕ ತಡೆಯೋ ಸ್ಟೆಬಿಲೈಸೇಶನ್ ಇರೋದು ಹಳೇ ಲೆನ್ಸಿನವರಿಗೆ ವರ. ಆದರೆ ಲೆನ್ಸು ಎಷ್ಟು ಎಂಎಂ ಅಂತ ನಾವೇ ಮೆನುವಿನಲ್ಲಿ ಹೇಳಬೇಕು. ಒಂದು ರಾತ್ರಿ 135 ಎಂಎಂ ಲೆನ್ಸ್ ಹಾಕಿಕೊಂಡು ಅಲ್ಲಿ 50 ಅಂತಲೇ ಬಿಟ್ಟಿದ್ದೆ. ಬೆಳಗಿನವರೆಗೆ ತೆಗೆದ ಎಲ್ಲಾ ಚಿತ್ರದಲ್ಲೂ ಸಣ್ಣ ನಡುಕ. ಆಮೇಲೆ ಆ ಮೆನುವನ್ನೇ ಒಂದು ಬಟನ್‌ಗೆ ಹಾಕಿಕೊಂಡೆ.

ಅಡಾಪ್ಟರ್ ವಿಷಯದಲ್ಲಿ ಎಲ್ಲರೂ “ಅಗ್ಗದ್ದೇ ಸಾಕು” ಅಂತಾರೆ. ಸಾಕು, ಆದರೆ ಅಳೆದು ನೋಡಬೇಕು. ಸೋನಿಗೆ ಮೌಂಟಿನಿಂದ ಸೆನ್ಸರ್‌ಗೆ 18 ಮಿ.ಮೀ., ಹಾಗಾಗಿ ಎಂ42 ಅಡಾಪ್ಟರ್ ದಪ್ಪ 27.46 ಇರಬೇಕು. ನನಗೆ ಮೊದಲು ಬಂದದ್ದು ದಪ್ಪ ಜಾಸ್ತಿ. 0.1 ಮಿ.ಮೀ. ಜಾಸ್ತಿಯಾದರೂ 50 ಎಂಎಂ ಲೆನ್ಸು ಸುಮಾರು 25 ಮೀಟರ್‌ಗೇ ನಿಂತುಬಿಡುತ್ತದೆ, ಗುಡ್ಡ ಯಾವತ್ತೂ ಶಾರ್ಪ್ ಆಗೋದಿಲ್ಲ. ಅದನ್ನು ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು ಉಜ್ಜಿದೆ. ಒಂದು ಕಡೆ ಜಾಸ್ತಿ ಸವೆದು ಫ್ರೇಮಿನ ಎಡಗಡೆ ಪೂರ್ತಿ ಮಬ್ಬಾಯಿತು. ಎಸೆದೆ. ಎರಡನೇದು ತೆಳು ಬಂತು. ತೆಳು ಇದ್ದರೆ ಒಳ್ಳೇದು. ಅದರ ಸಣ್ಣ ಸ್ಕ್ರೂಗಳನ್ನು ಬಿಚ್ಚಿ, ಎರಡು ಭಾಗದ ನಡುವೆ ತಂಪು ಪಾನೀಯದ ಕ್ಯಾನಿನ ತಗಡು ಕತ್ತರಿಸಿ ಇಟ್ಟರೆ ಆಯಿತು. ಆ ತಗಡು ಹೆಚ್ಚುಕಮ್ಮಿ 0.1 ಮಿ.ಮೀ. ಇರುತ್ತದೆ. ಈಗ ನನ್ನ ಲೆನ್ಸಿನ ಮೇಲಿನ ದೂರದ ಅಂಕಿ ನಿಜ ಹೇಳುತ್ತದೆ. ಕತ್ತಲಲ್ಲಿ ಇದು ಎಷ್ಟು ಮುಖ್ಯ ಅಂತ ಮುಂದೆ ಹೇಳ್ತೀನಿ.

ಇನ್ನು ರಿಪೇರಿ. ನನ್ನ ಮುಖ್ಯ ಲೆನ್ಸು ನಿಕ್ಕಾರ್ 135 ಎಂಎಂ ಎಫ್ 2.8, ನಿಕಾನ್‌ನವರ ಹಳೇ ‘ಎಐ’ ಮಾದರಿ. “ಕ್ಲೀನ್ ಗ್ಲಾಸ್” ಅಂತ ಹೇಳಿ ಕಳಿಸಿದ್ದರು. ಟಾರ್ಚ್ ಹಿಡಿದರೆ ಒಳಗೆ ಜೇಡನ ಬಲೆಯಂಥ ಫಂಗಸ್! ವಾಪಸ್ ತಗೊಳ್ಳೋದಿಲ್ಲ ಅಂದರು. ಜಗಳ ಮಾಡಿ ಬೆಲೆ ಇಳಿಸಿದೆ, ಸುಮಾರು 2,800ಕ್ಕೆ ಬಂತು. ಬೆಂಗಳೂರಲ್ಲಿ ಕ್ಲೀನಿಂಗಿಗೆ 4,000 ಕೇಳಿದರು. ಲೆನ್ಸಿಗಿಂತ ಜಾಸ್ತಿ ಅಲ್ವಾ?

ಆದರೆ ನಾನು ನೇರವಾಗಿ ಇದಕ್ಕೆ ಕೈ ಹಾಕಲಿಲ್ಲ. ಚಿಕ್ಕಪೇಟೆಯ ಸಂಡೆ ಬಜಾರಿನಲ್ಲಿ 300, 400ಕ್ಕೆ ಸಿಕ್ಕ ಮೂರು ಹಾಳು ಲೆನ್ಸ್ ಮೇಲೆ ಕಲಿತೆ. ಮೊದಲನೇದಕ್ಕೆ ಲೆನ್ಸ್ ಬಿಚ್ಚೋ ಸ್ಪ್ಯಾನರ್ ಬದಲು ಮಗಳ ಕೈವಾರ ಹಾಕಿದೆ. ಜಾರಿ ಮುಂದಿನ ಗಾಜಿನ ಮೇಲೆ ಉದ್ದಕ್ಕೆ ಗೀರು. ಎರಡನೇದರಲ್ಲಿ ಹೆಲಿಕಾಯ್ಡ್, ಅಂದರೆ ಫೋಕಸ್‌ಗೆ ಲೆನ್ಸನ್ನು ಹಿಂದೆ ಮುಂದೆ ಸರಿಸೋ ಥ್ರೆಡ್, ಬಿಚ್ಚಿದೆ, ಎಲ್ಲಿ ಕಳಚಿತು ಅಂತ ಗುರುತು ಹಾಕಲಿಲ್ಲ. ಅದರಲ್ಲಿ ಎಳೆ ಶುರುವಾಗೋ ಜಾಗ ಹಲವಾರು, ಸರಿಯಾದದ್ದು ಒಂದೇ. ಎರಡು ಭಾನುವಾರ ಕೂತರೂ ಇನ್ಫಿನಿಟಿ (ತೀರಾ ದೂರದ ಫೋಕಸ್) ಬರಲೇ ಇಲ್ಲ. ಈಗ ಅದು ಪೇಪರ್ ವೇಟ್. ಮೂರನೇದು ಸರಿಹೋಯಿತು. ಜಪಾನ್ ಸ್ಕ್ರೂಗಳಿಗೆ ಜೆಐಎಸ್ ಸ್ಕ್ರೂಡ್ರೈವರೇ ಬೇಕು, ಮಾಮೂಲಿ ಸ್ಟಾರ್ ಹಾಕಿದರೆ ತಲೆ ಸವೆಯುತ್ತದೆ ಅನ್ನೋದನ್ನೂ ಅಷ್ಟರಲ್ಲಿ ಕಲಿತಿದ್ದೆ. ಫಂಗಸ್‌ಗೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸ್ವಲ್ಪ ಅಮೋನಿಯಾ. ಅಳತೆ ಹೇಳೋದಿಲ್ಲ, ಗಾಜಿನ ಮೇಲಿನ ಕೋಟಿಂಗ್ ಹೋದರೆ ನನ್ನನ್ನೇ ಬೈತೀರಿ. 135ರಲ್ಲಿ ಬಲೆ ಹೋಯಿತು, ಅಂಚಿನಲ್ಲಿ ಕೋಟಿಂಗ್ ತಿಂದ ಕಲೆ ಉಳಿದಿದೆ. ಚಿತ್ರದಲ್ಲಿ ಕಾಣೋದಿಲ್ಲ. ಎದುರಿಗೆ ದೀಪ ಇದ್ದರೆ ಸ್ವಲ್ಪ ಮಂಜು ಬರುತ್ತದೆ, ಆಟದಲ್ಲಿ ಅದೂ ಚೆಂದವೇ.

ಕೊಳ್ಳುವಾಗ ಒಂದು ಮಾತು. ಬೆಳಕಿನ ಕಿಂಡಿ ಹಿರಿದು ಕಿರಿದು ಮಾಡೋ ಬ್ಲೇಡಿಗೆ ಎಣ್ಣೆ ಇಳಿದ ಲೆನ್ಸ್ ಕಂಡರೆ ಓಡಬೇಡಿ. ಫಿಲ್ಮ್ ಕ್ಯಾಮೆರಾದಲ್ಲಿ ಕ್ಲಿಕ್ ಮಾಡುವಾಗ ಬ್ಲೇಡು ಠಕ್ ಅಂತ ಮುಚ್ಚಬೇಕಿತ್ತು, ಎಣ್ಣೆ ಇದ್ದರೆ ಕೆಲಸ ಕೆಡುತ್ತಿತ್ತು. ಅಡಾಪ್ಟರ್ ಮೇಲೆ ನಾವೇ ಮೊದಲೇ ಮುಚ್ಚಿಟ್ಟುಕೊಳ್ಳೋದಲ್ವಾ, ನಿಧಾನ ಮುಚ್ಚಿದರೆ ಏನಂತೆ? ಮಾರೋರಿಗೆ ಎಣ್ಣೆ ತೋರಿಸಿ, ಮುಖ ಸಪ್ಪೆ ಮಾಡಿ, ಬೆಲೆ ಇಳಿಸಿ.

ಈಗ ಆಟಕ್ಕೆ ಬರೋಣ. ನಾನು ತೆಗೆಯೋದು ಹೆಚ್ಚಾಗಿ ಬಡಗುತಿಟ್ಟು (ಯಕ್ಷಗಾನದ ಬಡಗಣ ಶೈಲಿ), ರಂಗಸ್ಥಳದಿಂದ 5 ಮೀಟರ್ ದೂರ, ನೆಲದ ಮೇಲೆ ಕೂತು. ಅಷ್ಟು ದೂರಕ್ಕೆ 135 ಎಂಎಂ ಎಫ್ 2.8ರಲ್ಲಿ ಶಾರ್ಪ್ ಸಿಗೋದು ಹೆಚ್ಚೆಂದರೆ ಒಂದು ಗೇಣು. ವೇಷಧಾರಿ ಒಂದು ಹೆಜ್ಜೆ ಇಟ್ಟರೆ ಹೋಯಿತು. ಫೋಕಸ್ ಆದ ಅಂಚಿಗೆ ಬಣ್ಣ ಹಚ್ಚಿ ತೋರಿಸೋ ಪೀಕಿಂಗ್ ಇದೆಯಲ್ಲ ಅಂತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಕಿರೀಟ, ಕೇದಗೆ ಮುಂದಲೆ, ಎದೆಪದಕ, ಎಲ್ಲಾ ಥಳಥಳ. ಪೀಕಿಂಗ್ ಹೋಗಿ ಅಲ್ಲೇ ಕೂರುತ್ತದೆ, ಕಣ್ಣು ಮಬ್ಬು. ಕೆಂಪು ಪೀಕಿಂಗ್ ಇಟ್ಟರೆ ವೇಷದ ಕೆಂಪು ಅಂಗಿ, ಅಂದರೆ ದಗಲೆಯಲ್ಲಿ ಮುಳುಗುತ್ತದೆ, ಹಳದಿ ಇಟ್ಟರೆ ಚಿನ್ನದ ಬಣ್ಣದಲ್ಲಿ. ಕೊನೆಗೆ ರಾ ಫೈಲ್ ಇಟ್ಟು ಕ್ಯಾಮೆರಾವನ್ನು ಕಪ್ಪು-ಬಿಳುಪಿಗೆ ಹಾಕಿದೆ. ವ್ಯೂಫೈಂಡರ್ ಕಪ್ಪು-ಬಿಳುಪು, ಪೀಕಿಂಗ್ ಮಾತ್ರ ಕೆಂಪು, ಮಟ್ಟ ‘ಲೋ’. ಫೈಲಿನಲ್ಲಿ ಬಣ್ಣ ಪೂರ್ತಿ ಇರುತ್ತದೆ. ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಉಳಿದರ್ಧ ಮುಗಿದಿದ್ದು ಕಿವಿಯಿಂದ. ವೇಷದ ಹಿಂದೆ ರಿಂಗ್ ತಿರುಗಿಸುತ್ತಾ ಓಡೋದನ್ನು ಬಿಟ್ಟೆ. ಅವರು ಕುಣಿದು ಬಂದು ನಿಲ್ಲೋ ಜಾಗ ಪ್ರತಿಸಲ ಹೆಚ್ಚುಕಮ್ಮಿ ಅದೇ. ಒಡ್ಡೋಲಗ (ವೇಷಗಳ ಮೊದಲ ಪ್ರವೇಶ) ನಡೆಯುವಾಗಲೇ ಮ್ಯಾಗ್ನಿಫೈ ಮಾಡಿ ಆ ಜಾಗಕ್ಕೆ ಫೋಕಸ್ ಇಟ್ಟು, ರಿಂಗ್ ಮೇಲೆ ಟೇಪ್ ಅಂಟಿಸಿ ಗುರುತು ಮಾಡುತ್ತೇನೆ. ರಂಗಸ್ಥಳದ ಮುಂಭಾಗಕ್ಕೆ ಒಂದು ಗುರುತು, ರಥದ (ವೇಷ ಕೂರೋ ಆಸನದ) ಹತ್ತಿರ ಒಂದು. ಅಂಕಿ ನಿಜ ಹೇಳುವ ಅಡಾಪ್ಟರ್ ಬೇಕು ಅಂದಿದ್ದು ಇದಕ್ಕೇ. ಆಮೇಲೆ ಕಾಯೋದು. ಚಂಡೆ ಮುಕ್ತಾಯಕ್ಕೆ ಬಂದು ನಿಂತಾಗ ವೇಷವೂ ಒಂದು ಕ್ಷಣ ನಿಲ್ಲುತ್ತದೆ. ಆಗ ಕ್ಲಿಕ್. ತಾಳ ಗೊತ್ತಿದ್ದರೆ ಆ ಕ್ಷಣ ಮೊದಲೇ ಗೊತ್ತಾಗುತ್ತದೆ. ನಿಲ್ಲೋ ಕ್ಷಣವೇ ಆದ್ದರಿಂದ ಶಟರ್ 1/100 ಸಾಕು. ಎಲ್‌ಇಡಿ ದೀಪದ ಪಟ್ಟೆಗಳ ಕಾಟವೂ ತಪ್ಪುತ್ತದೆ, ನಮ್ಮ ಕರೆಂಟು 50 ಹರ್ಟ್ಜ್ ತಾನೇ, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಐಎಸ್‌ಒ 3200ರ ಸುತ್ತಮುತ್ತ. ದಿಗಿಣ ಹೊಡೆಯುವಾಗ, ಅಂದರೆ ಹಾರಿ ಗಿರಕಿ ತಿರುಗುವಾಗ, ನಾನು ಕ್ಯಾಮೆರಾ ಕೆಳಗಿಟ್ಟು ಸುಮ್ನೆ ನೋಡ್ತೀನಿ. ಅದು ನನ್ನ ಕೈಲಾಗೋದಲ್ಲ. ಎಲ್ಲಿ ಕೂರಬೇಕು ಅನ್ನೋದು ಇನ್ನೊಂದು ಗುಟ್ಟು, ಅದನ್ನು ಹೇಳಿದರೆ ಮುಂದಿನ ಆಟಕ್ಕೆ ನನಗೇ ಜಾಗ ಇರೋದಿಲ್ಲ.

ಚೌಕಿಗೆ (ಬಣ್ಣದ ಮನೆಗೆ) ಮಾತ್ರ ಹೆಲಿಯೋಸ್. ಅರ್ಧ ಮೀಟರ್ ಹತ್ತಿರ ಹೋಗಬಹುದು. ಬಣ್ಣ ಬರೆದುಕೊಳ್ಳುವವರ ಹಿಂದಿನ ಬಲ್ಬುಗಳು ಸುತ್ತ ಸುಳಿ ಸುತ್ತಿದ ಹಾಗೆ ಬರುತ್ತವೆ. ಎರಡು ಚಿತ್ರಕ್ಕೆ ಚೆಂದ, ಹತ್ತಾದರೆ ತಲೆ ಸುತ್ತುತ್ತದೆ.

ನಡುವೆ ಒಂದು ಹುಚ್ಚಾಟ. ಸೂಪರ್ ಟಾಕುಮಾರ್ 50 ಎಂಎಂ ಎಫ್ 1.4 ಸಿಕ್ಕಿತು, ಗಾಜು ಡಿಕಾಕ್ಷನ್ ಬಣ್ಣ. ಥೋರಿಯಂ ಇರುವ ಗಾಜು ವರ್ಷ ಕಳೆದಂತೆ ಹಳದಿಯಾಗುತ್ತದೆ, ಬಿಸಿಲಿಗಿಟ್ಟರೆ ತಿಳಿಯಾಗುತ್ತದೆ. ಅಂಗಳದಲ್ಲಿ ಅಡಿಕೆ ಪಕ್ಕ ಇಟ್ಟೆ. ಲೆನ್ಸ್ ಅಂದರೆ ಭೂತಗನ್ನಡಿ ಅನ್ನೋದೇ ಮರೆತುಹೋಗಿತ್ತು. ಮಧ್ಯಾಹ್ನ ಗೋಣಿಚೀಲದಲ್ಲಿ ಹೊಗೆ! ಅಮ್ಮ ಕೂಗಿದ್ದು ಮೂರು ಮನೆಗೆ ಕೇಳಿತು. ಆಮೇಲೆ ಕೆಳಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಹಳೇ ಬಾಣಲೆಯಲ್ಲಿಟ್ಟೆ. ಎರಡು ಮೂರು ವಾರದಲ್ಲಿ ಮುಕ್ಕಾಲು ಹಳದಿ ಹೋಯಿತು.

ಲೆಕ್ಕ ಕೇಳುವವರಿಗೆ: ಯಾಶಿಕಾ ಬಿಟ್ಟಿ, ಉಳಿದ ಲೆನ್ಸು, ಅಡಾಪ್ಟರ್, ಸ್ಪ್ಯಾನರ್, ಹಾಳು ಮಾಡಿದ್ದು ಎಲ್ಲಾ ಸೇರಿ 22-23 ಸಾವಿರ ಇರಬಹುದು. ಹೆಂಡತಿಗೆ ಹೇಳಿದ್ದು 12. ಸೋನಿಯವರದೇ ಹೊಸ 135 ಎಫ್ 1.8 ಒಂದು ಲಕ್ಷಕ್ಕೂ ಮೇಲೆ. ಮಳೆ ಶುರುವಾದರೆ ಮೇಳಗಳು ತಿರುಗಾಟ ನಿಲ್ಲಿಸುತ್ತವೆ, ನನ್ನ ಲೆನ್ಸುಗಳೂ ಡಬ್ಬಿ ಸೇರುತ್ತವೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ಅಳೆಯೋ 300 ರೂಪಾಯಿಯ ಹೈಗ್ರೋಮೀಟರ್, ಮುಳ್ಳು ಶೇ. 45ರ ಹತ್ತಿರ. ಮೊದಲು ಅಕ್ಕಿ ಹಾಕಿ ನೋಡಿದ್ದೆ, ಅಕ್ಕಿಯ ಹುಡಿ ಫೋಕಸ್ ರಿಂಗಿನೊಳಗೆ ಹೋಗಿ ಕರಕರ ಅನ್ನುತ್ತಿತ್ತು.

ಗೆಳೆಯ ಮೊನ್ನೆ ಬಂದು, “ಆ ಹೆಲಿಯೋಸ್ ಒಂದು ವಾರ ಕೊಡು ಮಾರಾಯ” ಅಂದ. ನನ್ನ ಹತ್ತಿರ ಎರಡಿವೆ. ಗೀರು ಬಿದ್ದದ್ದನ್ನು ಕೊಟ್ಟೆ.