ತೂಬು ಮುಚ್ಚಿದವನು: ನನ್ನ ಗೇಮ್‌ಗೆ ವಿಲನ್ ಬರೆದ ಅನುಭವ

ನಾನು ಮೊದಲು ಬರ್ದಿದ್ದ ವಿಲನ್ ಏಳಡಿ ಎತ್ತರ, ಮೈತುಂಬ ಕಪ್ಪು ಕವಚ, ಬಾಯಿ ತೆಗೆದ್ರೆ ಹನ್ನೆರಡು ಮೆಸೇಜ್ ಬಾಕ್ಸ್ ಭಾಷಣ. ನಾನು ಗೇಮ್ ಮಾಡೋ ಸಾಫ್ಟ್‌ವೇರ್ ಆರ್‌ಪಿಜಿ ಮೇಕರ್ ಎಂವಿಲಿ ಒಂದು ಬಾಕ್ಸ್‌ಗೆ ನಾಲ್ಕು ಸಾಲು ಹಿಡಿಯತ್ತೆ, ಅಂದ್ರೆ ಒಟ್ಟು 48 ಸಾಲು, ಅಷ್ಟನ್ನೂ ಎರಡು ವಾರ ರಾತ್ರಿ ಕೂತು ತಿದ್ದಿ ತಿದ್ದಿ ಬರ್ದಿದ್ದೆ. ಅಕ್ಕನ ಮಗನಿಗೆ ಆಡಕ್ಕೆ ಕೊಟ್ಟೆ. ಅವನು ಎಂಟರ್ ಕೀ ಟಕಟಕ ಒತ್ಕೊಂಡು ಅಷ್ಟನ್ನೂ ದಾಟಿಸ್ಬಿಟ್ಟು "ಮಾಮ, ಫೈಟ್ ಯಾವಾಗ ಬರತ್ತೆ?" ಅಂದ. ಅವನು ಕೇಳಿದ್ದು ಸರಿಯಾಗೇ ಇತ್ತು. ಆ ದೈತ್ಯ ಒಂದು ರಾಜ್ಯನೇ ಸುಟ್ಟಿದ್ದ, ಆದ್ರೆ ಆ ರಾಜ್ಯನ ಹುಡುಗ ಕಣ್ಣಲ್ಲೂ ಕಂಡಿರ್ಲಿಲ್ಲ, ಅವನಿಗ್ಯಾಕೆ ಸಿಟ್ಟು ಬರ್ಬೇಕು?

ಬರೆಯೋದು ನಿಲ್ಲಿಸಿ, ನನ್ನ ತಲೇಲಿ ಇವತ್ತಿಗೂ ಉಳ್ಕೊಂಡಿರೋ ವಿಲನ್‌ಗಳು ಯಾಕೆ ಉಳ್ಕೊಂಡ್ರು ಅಂತ ಹಳೇ ಗೇಮ್‌ಗಳನ್ನ ಮತ್ತೆ ಆಡ್ದೆ. 1994ರ ಫೈನಲ್ ಫ್ಯಾಂಟಸಿ 6ರಲ್ಲಿ ಕೆಫ್ಕಾ ಅನ್ನೋ ವಿಲನ್ ಡೋಮಾ ಕೋಟೆ ನೀರಿಗೆ ವಿಷ ಹಾಕ್ತಾನೆ. ಭಾಷಣ ಏನಿಲ್ಲ, ತನ್ನದೇ ಸೈನ್ಯದ ಜನರಲ್ ಲಿಯೋ ಆ ಕಡೆ ಹೋಗೋದನ್ನೇ ಕಾಯ್ತಿದ್ದು ನೀರಿಗೆ ಸುರಿದುಬಿಡ್ತಾನೆ ಅಷ್ಟೇ. ಕೋಟೇಲಿ ಹೆಂಡ್ತಿ ಮಗನ್ನ ಕಳ್ಕೊಂಡ ಸಯಾನ್ ಆಮೇಲೆ ನಮ್ಮ ಪಾರ್ಟಿಗೇ, ಅಂದ್ರೆ ನಾವು ಆಡಿಸೋ ಗುಂಪಿಗೇ ಸೇರ್ತಾನೆ, ಹಂಗಾಗಿ ಕೆಫ್ಕಾ ಮಾಡಿದ್ದು ನಮ್ಮ ಜತೆಜತೇಲೇ ನಡೀತಿರತ್ತೆ. 1997ರ ಫೈನಲ್ ಫ್ಯಾಂಟಸಿ 7ರಲ್ಲಿ ಮೊದಲ್ನೇ ಡಿಸ್ಕ್ ಮುಗಿಯೋ ಹೊತ್ತಿಗೆ ವಿಲನ್ ಸೆಫಿರಾತ್ ನಮ್ಮ ಪಾರ್ಟಿಯ ಏರಿತ್‌ನ ಕೊಲ್ತಾನೆ. ಗಾಯ ವಾಸಿ ಮಾಡೋಳು ಅವಳು, ಅವಳ ಲೆವೆಲ್ ಏರಿಸಕ್ಕೆ ನಾವು ಗಂಟೆಗಟ್ಟಲೆ ಕೂತಿರ್ತೀವಿ, ಮುಂದೆ ಪಾರ್ಟಿ ಮಾಡ್ಕೊಳಕ್ಕೆ ಹೋದ್ರೆ ಅವಳಿಲ್ಲ. ಸಿನಿಮಾದಲ್ಲಿ ಪಾತ್ರ ಸತ್ರೆ ಅಳು ಬರತ್ತೆ, ಆದ್ರೆ ಇಲ್ಲಿ ನಾವು ಕೈಯಾರೆ ಬೆಳೆಸಿದ್ದನ್ನೇ ಕಿತ್ಕೊಂಡ ಹಾಗೆ ಆಗತ್ತೆ. ಇದು ಗೊತ್ತಾದ್ಮೇಲೆ ನನ್ನ ದೈತ್ಯನ ಫೈಲ್ ಡಿಲೀಟ್ ಮಾಡ್ದೆ.

ಹೊಸ ವಿಲನ್ ಸಿಕ್ಕಿದ್ದು ನಮ್ಮ ತಾತನ ಮಾತಲ್ಲಿ. ಅವರೂರಲ್ಲಿ ಕೆರೆ ನೀರು ಹಂಚಕ್ಕೆ ನೀರುಗಂಟಿ ಅಂತ ಒಬ್ರಿರ್ತಿದ್ರು. ತೂಬು ಯಾವಾಗ ತೆಗೀಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡ್ಬೇಕು, ಕೊನೇ ಗದ್ದೆಗೆ ನೀರು ಮುಟ್ತಾ ಇಲ್ವಾ, ಎಲ್ಲಾ ಅವರೇ ನೋಡ್ಕೋಬೇಕು, ಸುಗ್ಗೀಲಿ ರೈತರು ಅವರಿಗೆ ಕಾಳು ಅಳೆದು ಕೊಡೋರು. ಎಷ್ಟೇ ದೊಡ್ಡ ಜಮೀನ್ದಾರನಾದ್ರೂ ತಾನೇ ಹೋಗಿ ತೂಬಿಗೆ ಕೈ ಹಾಕೋ ಹಂಗಿರ್ಲಿಲ್ಲ ಅಂತ ತಾತ ಹೇಳೋರು. ಊರೆಲ್ಲ ಅಷ್ಟು ನಂಬಿಕೆ ಇಟ್ಟಿದ್ದ ಮನುಷ್ಯನೇ ಒಂದಿನ ತೂಬು ಮುಚ್ಚಿಬಿಟ್ರೆ? ನನ್ನ ಕಥೆ ಅಲ್ಲಿಂದ ಶುರುವಾಯ್ತು.

ಕಥೆ ಬರೆಯೋಕೆ ಮುಂಚೆ ಅವನ ಲೆಕ್ಕದ ಪುಸ್ತಕ ಬರ್ದೆ. ಇದು ನಾನು ಮಾಡಿದ ಕೆಲಸಗಳಲ್ಲೇ ಒಳ್ಳೇದು ಅಂತ ಈಗ್ಲೂ ಅನ್ಸತ್ತೆ. ಕೆರೆ ಕೆಳಗೆ ಆರು ಊರು. ಮಳೆ ಕೈಕೊಟ್ಟಿದೆ. ಬೆಳೆ ಕೈಗೆ ಬರಕ್ಕೆ ಇನ್ನೂ 70 ದಿನ ಬೇಕು. ಇರೋ ನೀರನ್ನ ಆರೂ ಊರಿಗೆ ಬಿಟ್ರೆ 46 ದಿನಕ್ಕೆ ಕೆರೆ ಒಣಗತ್ತೆ, ಯಾರಿಗೂ ಒಂದು ಸೇರು ಭತ್ತ ಸಿಗಲ್ಲ. ನಾಲ್ಕು ಊರಿಗೆ ಮಾತ್ರ ಬಿಟ್ರೆ ಸರಿಯಾಗಿ 70 ದಿನ ಬರತ್ತೆ. ಅವನು ಎರಡು ಊರಿನ ಕಾಲುವೆ ಮುಚ್ಚಿದ, ಕೇಳಕ್ಕೆ ಬಂದವರ ಮೇಲೆ ಕಾವಲಿನವರನ್ನ ಬಿಟ್ಟ, ಆ ಗಲಾಟೇಲಿ ಜನ ಸತ್ರು, ಅಲ್ಲಿಂದಾಚೆಗೆ ವಾಪಸ್ ಬರಕ್ಕೆ ಅವನ ಕೈಲಿ ಆಗ್ಲಿಲ್ಲ. ಮುಚ್ಚಿದ ಎರಡು ಊರಲ್ಲಿ ಒಂದು ಆಟಗಾರನ ಊರು.

ಮೊದಲ ಅಧ್ಯಾಯದಲ್ಲಿ ವಿಲನ್ ಮುಖಾನೇ ತೋರ್ಸಲ್ಲ. ಆಟಗಾರನಿಗೆ ಒಬ್ಬ ಅಜ್ಜಿ ಸಿಗ್ತಾರೆ, ಅವರ ಸಸಿಮಡಿಗೆ ದಿನಾ ಕೆರೆಯಿಂದ ಕೊಡದಲ್ಲಿ ನೀರು ತಂದು ಹಾಕ್ಬೇಕು. ಹಾಕಿದಷ್ಟೂ ಸಸಿ ಹಸಿರಾಗತ್ತೆ, ಅಜ್ಜಿ ಒಂದೊಂದು ದಿನ ಒಂದೊಂದು ಮಾತಾಡ್ತಾರೆ, ಒಂದಿನ ಹುರಿಗಾಳು ಕೊಡ್ತಾರೆ, ತಿಂದ್ರೆ ಎಚ್‌ಪಿ (ಪಾತ್ರದ ಜೀವಶಕ್ತಿ ಅಂಕ) ಏರತ್ತೆ. ಎರಡನೇ ಅಧ್ಯಾಯದಲ್ಲಿ ಪ್ರಯಾಣ ಮುಗಿಸ್ಕೊಂಡು ಊರಿಗೆ ಬಂದ್ರೆ ಅಂಗಡೀಲಿ ಅಕ್ಕಿ ರೇಟು ಮೂರು ಪಟ್ಟು, ಬಾವಿ ಹತ್ರ ಜಗಳ, ಮ್ಯಾಪಲ್ಲಿ ಸಸಿಮಡಿ ಇದ್ದ ಚೌಕ ಬಿರುಕು ಬಿಟ್ಟ ಮಣ್ಣು. ಅಜ್ಜಿ ಬಾಗಿಲಲ್ಲಿ ಕೂತಿರ್ತಾರೆ. "ಬಂದ್ಯಾ ಮಗಾ" ಅಂತಾರೆ ಅಷ್ಟೇ. ಅಲ್ಲಿ ಬೇರೆ ಡೈಲಾಗ್ ಬರ್ದಿದ್ದೆ, ಎಲ್ಲಾ ತೆಗೆದೆ.

ಒಂದು ಟೆಕ್ನಿಕಲ್ ವಿಷಯಾನೂ ಹೇಳ್ಬೇಕು, ಯಾಕಂದ್ರೆ ಕನ್ನಡದಲ್ಲಿ ಗೇಮ್ ಮಾಡೋರಿಗೆ ಇದು ಅಡ್ಡ ಬಂದೇ ಬರತ್ತೆ. ಎಂವಿ ಅಕ್ಷರಗಳನ್ನ ಒಂದೊಂದಾಗಿ ಸ್ಕ್ರೀನ್ ಮೇಲೆ ಬಿಡಿಸೋದ್ರಿಂದ ಒತ್ತಕ್ಷರ, ಗುಣಿತ ಎಲ್ಲಾ ಬಿಡಿಬಿಡಿಯಾಗಿ ಒಡೆದುಹೋಗತ್ತೆ. ಕೋಡ್ ತಿದ್ದಿ ಒಂದ್ಸಲಕ್ಕೆ ಒಂದು ಇಡೀ ಪದ ಬರೋ ಹಾಗೆ ಮಾಡ್ದೆ. ಅದ್ರಿಂದ ಇನ್ನೊಂದು ಉಪಯೋಗ ಆಯ್ತು, ನೀರುಗಂಟಿ ಮಾತಾಡುವಾಗ ಪದಗಳ ನಡುವೆ ಜಾಸ್ತಿ ಗ್ಯಾಪ್ ಇಟ್ಟೆ, ಬೇರೆಯವರಿಗೆಲ್ಲ ಕಮ್ಮಿ. ಧ್ವನಿ ರೆಕಾರ್ಡ್ ಮಾಡ್ಸಕ್ಕೆ ದುಡ್ಡಿರ್ಲಿಲ್ಲ, ಆದ್ರೂ ಅವನಿಗೊಂದು ಧ್ವನಿ ಬಂತು.

ಅವನ ಭೇಟಿ ಆಗೋದು ಕೆರೆ ಏರಿ ಮೇಲೆ. ಕವಚ ಇಲ್ಲ, ಹೆಗಲ ಮೇಲೊಂದು ಪಂಚೆ, ಕೈಲಿ ಆ ಪುಸ್ತಕ. ಪುಟ ತಿರುಗಿಸಿ ಹೇಳ್ತಾನೆ: "ನಲವತ್ತೊಂದು ಕೊಡ. ಆ ಮುದುಕಮ್ಮನ ಮಡಿಗೆ ನೀನು ಹೊತ್ತಿದ್ದು. ಬರ್ಕೊಂಡಿದೀನಿ." ಈ ನಲವತ್ತೊಂದು ಎಲ್ಲರಿಗೂ ಬರಲ್ಲ. ಅಜ್ಜಿಗೆ ನೀರು ಹಾಕಿದಾಗೆಲ್ಲ ಒಂದು ವೇರಿಯಬಲ್ (ಗೇಮ್ ಒಳಗೆ ನೆನಪಿಟ್ಕೊಳ್ಳೋ ಸಂಖ್ಯೆ) ಒಂದೊಂದೇ ಏರ್ತಿರತ್ತೆ, ಯಾರು ಎಷ್ಟು ಹೊತ್ತಿದಾರೋ ಅದನ್ನೇ ಅವನು ಹೇಳ್ತಾನೆ. ಆಡಿ ನೋಡಿದ ಗೆಳೆಯರೊಬ್ರು ಇಲ್ಲಿ ಕೀಬೋರ್ಡಿಂದ ಕೈ ತೆಗೆದುಬಿಟ್ರು. ಪುಸ್ತಕದ ಮುಂದಿನ ಪುಟದಲ್ಲಿ ನೀರು ನಿಲ್ಲಿಸಿದ ಗದ್ದೆಗಳ ಪಟ್ಟಿ ಇದೆ, ಓದ್ಬೇಕು ಅಂತ ಬಲವಂತ ಇಲ್ಲ, ಓದಿದ್ರೆ ಮೊದಲ್ನೇ ಹೆಸರು ಅವನ ಸ್ವಂತ ಗದ್ದೇದು. ದುರ್ಯೋಧನನ ಛಲವನ್ನ ಮೆಚ್ಚಿ ಬರ್ದ ಪಂಪ, ರನ್ನರ ಭಾಷೇಲಿ ನಾನು ಬರೀತಿರೋದು, ಎದುರಾಳಿಗೂ ಅವನದ್ದೇ ಆದ ಒಂದು ಘನತೆ ಕೊಡದೇ ಇದ್ರೆ ನಂಗೇ ಸಮಾಧಾನ ಆಗ್ತಿರ್ಲಿಲ್ಲ.

ಕೊನೇ ಫೈಟ್ ವಿಷಯದಲ್ಲಿ ತುಂಬಾ ಒದ್ದಾಡ್ದೆ. ಮೊದಲು 12000 ಎಚ್‌ಪಿ ಕೊಟ್ಟು, ಕೆರೆ ದೇವತೆ ಮೈಮೇಲೆ ಬಂದ ಹಾಗೆ ಮಾಡಿದ್ದೆ, ಅಷ್ಟು ಹೊತ್ತು ಕಟ್ಟಿದ ಮನುಷ್ಯ ಒಂದೇ ಸೀನಲ್ಲಿ ಮಾಯ ಆಗ್ಬಿಟ್ಟ. ಆಗ ಸಹಾಯಕ್ಕೆ ಬಂದಿದ್ದು 1997ರ ಫಾಲ್‌ಔಟ್ ಅನ್ನೋ ಗೇಮ್. ಅದರಲ್ಲಿ ಮಾಸ್ಟರ್ ಅನ್ನೋ ವಿಲನ್‌ನ ಸೋಲಿಸಕ್ಕೆ ಗುಂಡು ಹಾರಿಸ್ಲೇಬೇಕು ಅಂತಿಲ್ಲ. ಅವನು ಸೃಷ್ಟಿಸಿದ ಮ್ಯೂಟೆಂಟ್‌ಗಳಿಗೆ ಮಕ್ಕಳಾಗಲ್ಲ ಅನ್ನೋದಕ್ಕೆ ಸಾಕ್ಷಿ ತೋರ್ಸಿದ್ರೆ ಅವನ ಇಡೀ ಯೋಜನೆ ಕುಸಿದು, ತನ್ನನ್ನ ತಾನೇ ಮುಗಿಸ್ಕೊತಾನೆ. ಅಲ್ಲಿ ಲೆಕ್ಕ ತಪ್ಪಿತ್ತು. ನನ್ನವನ ಲೆಕ್ಕ ಸರಿ ಇದೆ, ಅದಕ್ಕೇ ನನ್ನ ದಾರಿ ಬೇರೆ ಆಯ್ತು. ನೀರುಗಂಟೀನ ಹೊಡೀಬಹುದು, ವಯಸ್ಸಾದವನು, ಒಂದೇ ಏಟಿಗೆ ಬಿದ್ದೋಗ್ತಾನೆ, ಗೆಲುವಿನ ಮ್ಯೂಸಿಕ್ ಬರಲ್ಲ. ಪುಸ್ತಕ ಆಟಗಾರನ ಕೈಗೆ ಬರತ್ತೆ, ಆರು ಊರಿನ ಹೆಸರು, ಪಕ್ಕದಲ್ಲಿ ಖಾಲಿ ಚೌಕಗಳು, ಈಗ ನೀನು ಹಂಚು ಅಂತ.

ಅಕ್ಕನ ಮಗ ಈ ಸಲ ಒಂದು ಬಾಕ್ಸೂ ಹಾರಿಸ್ದೆ ಇಲ್ಲಿವರೆಗೂ ಬಂದ. ಬಂದು "ಮಾಮ, ಆರಕ್ಕೂ ಸಾಲೋ ಥರ ಮಾಡಕ್ಕೆ ಆಗಲ್ವಾ?" ಅಂದ. ಆಗಲ್ಲ ಕಣೋ ಅಂದೆ. ನಂಬದೆ ಪೆನ್ಸಿಲ್ ತಗೊಂಡು ನೋಟ್‌ಬುಕ್ಕಲ್ಲಿ ಲೆಕ್ಕ ಹಾಕ್ತಾ ಕೂತ, ಊಟಕ್ಕೆ ಕರೆದ್ರೂ ಏಳ್ಲಿಲ್ಲ.

ಒಂದು ತಪ್ಪು ಕೊನೇವರೆಗೂ ಕಣ್ಣಿಗೆ ಬಿದ್ದಿರ್ಲಿಲ್ಲ. ಅಜ್ಜಿಗೆ ಒಂದು ಕೊಡಾನೂ ನೀರು ಹೊರದೆ ಬಂದವರಿಗೆ ನೀರುಗಂಟಿ "0 ಕೊಡ" ಅಂತಿದ್ದ, ಓದಕ್ಕೆ ತುಂಬಾ ಕೆಟ್ಟದಾಗಿತ್ತು. ಅವರಿಗೆ ಅಂತ ಬೇರೆ ಸಾಲು ಬರೆಯಕ್ಕೆ ಕೂತು ಹತ್ತಾರು ಸಲ ಬರ್ದು ಅಳಿಸ್ದೆ. ಈಗಿರೋ ವರ್ಶನ್‌ನಲ್ಲಿ ಅವರು ಏರಿ ಹತ್ತಿ ಬಂದ್ರೂ ಅವನು ಪುಸ್ತಕ ತೆಗೆಯಲ್ಲ, ಬೆನ್ನು ಹಾಕಿ ತೂಬಿನ ಕಡೆ ನೋಡ್ತಾ ಕೂತಿರ್ತಾನೆ, ಇವರೇ ಮೊದಲು ಮಾತಾಡಿಸ್ಬೇಕು.